ಹುಲುಗಪ್ಪ ಬರೆಯದೆ ಬಿಟ್ಟ ಹೆಸರು

ಬಳ್ಳಾರಿಯ ಗಾಂಧಿನಗರದಲ್ಲಿ ನಮ್ಮ ಮನೆಯ ಹಿತ್ತಲ ಗೋಡೆಯಾಚೆ ಒಂದು ಕಾಲೇಜಿನ ಮೈದಾನವಿದೆ. ಬೆಳಗಿನ ಐದೂವರೆಗೆ ನಾನು ತುಳಸಿಗೆ ನೀರು ಹಾಕಿ ದೀಪ ಹಚ್ಚುವಾಗ ಆ ಕಡೆಯಿಂದ ಒಂದು ದನಿ ಬರುತ್ತಿತ್ತು.

“ಲೇ, ಎಡಕ್ಕ ಕೊಡಲೇ! ಅಲ್ಲಿ ನಿಂತಾವ ಮನಶ್ಯಾ ಅದಾನ, ಲೈಟ್ ಕಂಬ ಅಲ್ಲ!”

ಕೌಲ್ ಬಜಾರಿನ ಹುಡುಗರಿಗೆ ಉರ್ದುವಿನಲ್ಲಿ, ಆಂಧ್ರದ ಗಡಿ ಕಡೆಯಿಂದ ಬಂದವರಿಗೆ ತೆಲುಗಿನಲ್ಲಿ, ಉಳಿದವರಿಗೆ ಕನ್ನಡದಲ್ಲಿ ಬೈಗುಳ. ಮೊದಲ ವರ್ಷ ನನಗೆ ಸಿಟ್ಟು ಬರುತ್ತಿತ್ತು. ದೇವರ ನಾಮದ ನಡುವೆ ಇದೇನು ಗದ್ದಲ ಎನಿಸುತ್ತಿತ್ತು. ಒಂದು ದಿನ ಚೆಂಡು ನಮ್ಮ ಹಿತ್ತಲಿಗೆ ಬಿತ್ತು. ಕೇಳಲು ಬಂದವರು ಆ ದನಿಯವರೇ. ಆರಡಿ ಎತ್ತರ, ಎಡಗೈಯ ಎರಡು ಬೆರಳು ಸೊಟ್ಟ. ಗೇಟಿನ ಹೊರಗೇ ನಿಂತು, “ತಪ್ಪಾತ್ರಿ ಅಕ್ಕಾರ, ಹೂವಿನ ಗಿಡ ಏನೂ ಮುರದಿಲ್ಲಲ್ರಿ?” ಎಂದರು. ಗಿಡ ಮುರಿದಿತ್ತು. ಮುರಿದಿಲ್ಲ ಎಂದೆ. ಮಾರನೆಯ ದಿನ ಗೇಟಿನ ಬಳಿ ಒಂದು ಕಣಗಿಲೆ ಸಸಿ ಇತ್ತು. ಹುಲುಗಪ್ಪನವರ ಪರಿಚಯವಾದದ್ದು ಹೀಗೆ.

ಆ ಕಾಲೇಜಿನ ಫುಟ್‌ಬಾಲ್ ತಂಡಕ್ಕೆ ಅವರು ಇಪ್ಪತ್ತೊಂದು ವರ್ಷ ತರಬೇತಿ ಕೊಟ್ಟರು. ಈ ಒಂದು ವಾಕ್ಯವನ್ನು ನಾನು ಎಷ್ಟು ಸುಲಭವಾಗಿ ಬರೆದುಬಿಟ್ಟೆ. ಇದನ್ನೇ ಹೇಳಲಾರದೆ ಅವರು ಬಳ್ಳಾರಿ ಬಿಟ್ಟರು.

ಅವರ ಊರು ಸಿರುಗುಪ್ಪ. ತಂದೆ ಅಕ್ಕಿ ಗಿರಣಿಯಲ್ಲಿ ಹಮಾಲರು. ಹೈಸ್ಕೂಲಿಗೆಂದು ಬಳ್ಳಾರಿಯ ಹಾಸ್ಟೆಲ್ ಸೇರಿದಾಗ ದೊಡ್ಡ ಹುಡುಗರು ಇವರ ಎತ್ತರ ನೋಡಿ ಗೋಲಿನಲ್ಲಿ ನಿಲ್ಲಿಸಿದರಂತೆ. “ಆಡ್ಲಿ ಅಂತ ಅಲ್ರಿ. ಹಿಂದ ಜಾಲಿ ಕಂಟಿ ಇತ್ತು, ಚೆಂಡು ಅದರಾಗ ಹೋಗಬಾರದಂತ ನಿಂದ್ರಿಸಿದ್ರು,” ಎಂದು ನಗುತ್ತಿದ್ದರು. ಮುಂದೆ ಇದೇ ಕಾಲೇಜಿನಲ್ಲಿ ಬಿ.ಎ. ಓದುವಾಗ ಕಾಲೇಜು ವಿಶ್ವವಿದ್ಯಾಲಯದ ಕಪ್ ಗೆದ್ದಿತು. ಬೆರಳು ಸೊಟ್ಟಗಾದದ್ದು ಆ ಫೈನಲ್ಲಿನಲ್ಲಿ. ಕಾಲೇಜು ಆ ಕಪ್ಪನ್ನು ಮತ್ತೆ ಕಂಡಿಲ್ಲ.

ಡಿಗ್ರಿ ಮುಗಿಸಿ ಊರಲ್ಲಿದ್ದವರನ್ನು ಕೆಲವು ವರ್ಷಗಳ ಮೇಲೆ ಮತ್ತೆ ಕರೆಸಿದವರು ಮಧುಸೂದನ ಸರ್. ಅವರು ಕಾಲೇಜಿನ ದೈಹಿಕ ಶಿಕ್ಷಣ ನಿರ್ದೇಶಕರು, ಎಂದರೆ ಆಟೋಟದ ವಿಭಾಗಕ್ಕೆಲ್ಲ ಮುಖ್ಯಸ್ಥರು. ಒಳ್ಳೆಯ ಮನುಷ್ಯರು, ಖೋಖೋ ಬಲ್ಲವರು. ಫುಟ್‌ಬಾಲಿನ ಮಟ್ಟಿಗೆ ಆ ಚೆಂಡನ್ನು ಅವರು ಕಾಲಿನಿಂದ ಮುಟ್ಟಿದ್ದನ್ನು ಯಾರೂ ನೋಡಿಲ್ಲ. “ನೀ ಹುಡುಗರನ್ನ ನೋಡ್ಕೋ, ಉಳಿದದ್ದು ನಾ ನೋಡ್ಕೋತೀನಿ” ಎಂದರು. ಪ್ರತಿ ಜೂನ್ ತಿಂಗಳಲ್ಲಿ ಹುಲುಗಪ್ಪನವರ ಕೈಗೆ ಒಂದು ಆದೇಶ ಬರುತ್ತಿತ್ತು: ಮೈದಾನ ಸಹಾಯಕ, ಹತ್ತು ತಿಂಗಳ ಅವಧಿಗೆ. ಏಪ್ರಿಲ್‌ನಲ್ಲಿ ಅವರು ಯಾರೂ ಅಲ್ಲ, ಜೂನ್‌ನಲ್ಲಿ ಮತ್ತೆ ಹೊಸಬರು.

ಒಂದು ಸಲ ಕಲಬುರ್ಗಿಯಲ್ಲಿ ದೈಹಿಕ ಶಿಕ್ಷಣದ ಬಿ.ಪಿ.ಇಡಿ ಸೀಟು ಸಿಕ್ಕಿತ್ತು. ಅದೇ ವಾರ ಪಂದ್ಯಾವಳಿ. ಮಧುಸೂದನ ಸರ್ “ಮುಂದಿನ ವರ್ಷ ಹೋದ್ರಾತಲ್ಲೋ” ಎಂದರು. ಇವರೂ ಹಾಗೇ ಎಂದುಕೊಂಡರು. ಮುಂದಿನ ವರ್ಷಕ್ಕೆ ವಯಸ್ಸು ಮೀರಿತು.

ಹೆಂಡತಿ ಸುಂಕಲಮ್ಮ ಸಿರುಗುಪ್ಪದಲ್ಲೇ ಉಳಿದಳು. ಅವಳಿಗೆ ಅಲ್ಲಿಯ ಗಿರಣಿಯಲ್ಲಿ ಅಕ್ಕಿ ಆರಿಸುವ ಕೆಲಸ. ಮಕ್ಕಳಾಗಲಿಲ್ಲ. ಕಾಯಂ ಆದ ಮೇಲೆ ಬಳ್ಳಾರಿಯಲ್ಲಿ ಮನೆ ಮಾಡೋಣ ಎಂದು ಇಬ್ಬರೂ ಮಾತಾಡಿಕೊಂಡಿದ್ದರು. ಅಲ್ಲಿಯವರೆಗೆ ಹುಲುಗಪ್ಪನವರು ಮೈದಾನದ ಮೂಲೆಯಲ್ಲಿ ಸಾಮಾನು ಇಡುವ ಕೋಣೆಯ ಪಕ್ಕದ ಕೋಣೆಯಲ್ಲಿದ್ದರು. ಶನಿವಾರ ಸಂಜೆ ಊರಿಗೆ, ಭಾನುವಾರ ಸಂಜೆ ವಾಪಸ್. ಒಂದು ಸಲ ನಾನು, “ಒಬ್ಬರೇ ಇರ್ತೀರಿ, ಬೇಸರ ಆಗೋದಿಲ್ಲವೇ?” ಎಂದು ಕೇಳಿದೆ.

“ಹುಡುಗ್ರು ಇರತಾರಲ್ರಿ,” ಎಂದರು. ಕೊರಳಿನ ಸೀಟಿ ತೆಗೆದು ಜೇಬಿಗಿಟ್ಟು, “ಅವ್ರು ಹೋದಮ್ಯಾಲೆ ಮೈದಾನ ಭಾಳ ದೊಡ್ಡದು ಅನ್ನಿಸತೈತ್ರಿ,” ಎಂದರು.

ನಮ್ಮ ಹಿತ್ತಲ ನಲ್ಲಿಯಲ್ಲಿ ನೀರು ಕುಡಿಯಲು ಬರುತ್ತಿದ್ದರೇ ಹೊರತು ಒಳಗೆ ಬಂದು ಕೂಡಿರೆಂದರೆ, “ಇಲ್ಲೇ ಗಾಳಿ ಚಲೋ ಐತ್ರಿ” ಎಂದು ಕಟ್ಟೆಯ ಅಂಚಿನಲ್ಲಿ ಕೂಡುತ್ತಿದ್ದರು. ಮೇ ತಿಂಗಳ ಬಳ್ಳಾರಿಯಲ್ಲಿ ಎಲ್ಲಿಯ ಗಾಳಿ! ಅವರು ಕಟ್ಟೆ ಬಿಟ್ಟು ಒಳಗೆ ಬರಲು ಹನ್ನೊಂದು ವರ್ಷ ಹಿಡಿಯಿತು.

ತಂಡದ ಪರಿಸ್ಥಿತಿ ವರ್ಷದಿಂದ ವರ್ಷಕ್ಕೆ ಇಳಿಯುತ್ತಿತ್ತು. ಚೆನ್ನಾಗಿ ಆಡುವವರನ್ನು ಬೇರೆ ಕಾಲೇಜುಗಳು ಫೀಸಿಲ್ಲದೆ ಕರೆದೊಯ್ಯುತ್ತಿದ್ದವು. ಒಂಬತ್ತು ವರ್ಷ ಮೊದಲ ಸುತ್ತೇ ದಾಟಲಿಲ್ಲ. ಒಂದು ವರ್ಷವಂತೂ ಹನ್ನೊಂದು ಜನ ಸೇರದೆ ವಾಲಿಬಾಲ್ ಆಡುವ ಇಬ್ಬರಿಗೆ ಬೂಟು ಹಾಕಿಸಿ ಕರೆದೊಯ್ದರು. ಅವರಲ್ಲೊಬ್ಬ ಗೋಲಿನ ಮುಂದೆ ತಲೆಯ ಮೇಲೆ ಬಂದ ಚೆಂಡನ್ನು ಎರಡೂ ಕೈಯಿಂದ ಎತ್ತಿ ಹೊಡೆದ. “ಅಕ್ಕಾರ, ಭಾಳ ಚಂದ ಹೊಡೆದ ನೋಡ್ರಿ. ನೆಟ್ ಇದ್ದಿದ್ರ ಪಾಯಿಂಟ್ ನಮಗ,” ಎಂದು ಹೇಳಿ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಅದು ಪೂರ್ತಿ ನಗುವಿನ ನೀರಾಗಿರಲಿಲ್ಲ.

ಇನ್ನು ಆ ಅರ್ಜಿಗಳ ವಿಷಯ. ಪ್ರತಿ ವರ್ಷ ಪಂದ್ಯಾವಳಿಗೆ ಮೊದಲು ವಿಶ್ವವಿದ್ಯಾಲಯಕ್ಕೆ ಒಂದು ಅರ್ಜಿ ತುಂಬಿ ಕಳಿಸಬೇಕು. ಆಟಗಾರರ ಫೋಟೊ, ಹೆಸರು, ಪ್ರಾಂಶುಪಾಲರ ಸಹಿ, ಕೊನೆಯಲ್ಲಿ ತರಬೇತುದಾರರ ಹೆಸರು. ಹುಲುಗಪ್ಪನವರ ಅಕ್ಷರ ಮುತ್ತಿನಂತಿದ್ದುದರಿಂದ ಅರ್ಜಿ ತುಂಬುವುದು ಅವರದೇ ಕೆಲಸ. ಮೊದಲ ವರ್ಷ ಆ ಕೊನೆಯ ಸಾಲಿಗೆ ಬಂದಾಗ, “ಸರ್, ಇಲ್ಲಿ ಯಾರ ಹೆಸರು ಬರೀಲ್ರಿ?” ಎಂದು ಕೇಳಿದರಂತೆ.

“ನಂದೇ ಬರಿ. ಕಾಯಂ ಇದ್ದವರದೇ ಬೇಕು ಅಂತಾರ,” ಎಂದರು ಸರ್.

ಆಗ ನಿಯಮ ಹಾಗೇ ಇತ್ತು. ಇವರು ‘ಶ್ರೀ ಮಧುಸೂದನ’ ಎಂದು ಬರೆದರು, ಅವರು ಸಹಿ ಹಾಕಿದರು. ಎಷ್ಟೋ ವರ್ಷಗಳ ಮೇಲೆ ನಿಯಮ ಬದಲಾಯಿತು. ಕಾಯಂ ಅಲ್ಲದವರ ಹೆಸರನ್ನೂ ಬರೆಯಬಹುದು ಎಂದು ಸುತ್ತೋಲೆ ಬಂತು. ಅದನ್ನು ನೋಟಿಸ್ ಬೋರ್ಡಿಗೆ ಅಂಟಿಸಿದವರು ಹುಲುಗಪ್ಪನವರೇ. ಅಂಟಿಸಿ ಬಂದು, ಅದೇ ಮಧ್ಯಾಹ್ನ ಆ ವರ್ಷದ ಅರ್ಜಿಯಲ್ಲಿ ಮತ್ತೆ ‘ಶ್ರೀ ಮಧುಸೂದನ’ ಎಂದೇ ಬರೆದರು. ಮುಂದಿನ ವರ್ಷವೂ ಹಾಗೇ, ಅದರ ಮುಂದಿನ ವರ್ಷವೂ.

ಯಾಕೆ ಎಂದು ನಾನು ಕೇಳಿದ್ದು ಬಹಳ ತಡವಾಗಿ.

“ಎದುರಿಗೆ ಸರ್ ಕುಂತಿರತಾರ್ರಿ. ಅವರ ಕಣ್ಣ ಮುಂದ ನಂದು ಬರಿಯೋದು ಹೆಂಗ್ರಿ? ನೀ ಸಾಕು ಏಳು ಅಂದಂಗ ಆಗತೈತಿ.”

“ಅವರನ್ನ ಒಂದು ಮಾತು ಕೇಳಬಹುದಿತ್ತಲ್ಲ?”

“ಕೇಳಿದ್ರ ಬ್ಯಾಡ ಅಂತಿದ್ದಿಲ್ರಿ ಅವರು. ಅದಕ್ಕ ಕೇಳಲಿಲ್ಲ.”

ಎರಡು ವರ್ಷದ ಹಿಂದೆ ಮಾರ್ಚಿನಲ್ಲಿ ಮಧುಸೂದನ ಸರ್ ನಿವೃತ್ತರಾದರು. ಆಡಳಿತ ಮಂಡಳಿಗೆ ಆಗಷ್ಟೇ ಪವಮಾನ ಎಂಬ ಹೊಸ ಕಾರ್ಯದರ್ಶಿ ಬಂದಿದ್ದರು. ಚಿಕ್ಕ ವಯಸ್ಸು, ಚುರುಕು, ಎಲ್ಲಕ್ಕೂ ಕಾಗದ ಕೇಳುವವರು. ನಿರ್ದೇಶಕರ ಹುದ್ದೆಗೆ ಪತ್ರಿಕೆಯಲ್ಲಿ ಜಾಹೀರಾತು ಕೊಟ್ಟರು. ಅದಕ್ಕೆ ಬೇಕಾದ ಪದವಿ ಹುಲುಗಪ್ಪನವರಲ್ಲಿ ಇರಲಿಲ್ಲ, ಆ ಆಸೆಯೂ ಅವರಿಗಿರಲಿಲ್ಲ. ಮಂಡಳಿ ಫುಟ್‌ಬಾಲಿನ ಬಗ್ಗೆ ಬೇರೆ ಒಂದು ತೀರ್ಮಾನ ಮಾಡಿತು. ಹತ್ತು ವರ್ಷ ತರಬೇತಿ ಕೊಟ್ಟ ಅನುಭವ ರುಜುವಾತಾದರೆ ಹುಲುಗಪ್ಪನವರನ್ನು ತರಬೇತುದಾರರೆಂದೇ ನೇಮಿಸುವುದು. ಇಲ್ಲದಿದ್ದರೆ, ಸೋಲುತ್ತಲೇ ಬಂದಿರುವ ಈ ಆಟವನ್ನು ನಿಲ್ಲಿಸಿಬಿಡುವುದು.

ಅವತ್ತು ಸಂಜೆ ಹುಲುಗಪ್ಪನವರು ಒಂದು ದೊಡ್ಡ ಕಾಗದದ ಕಟ್ಟು ಹಿಡಿದು ನಮ್ಮ ಮನೆಗೆ ಬಂದರು. ಇಪ್ಪತ್ತೊಂದು ವರ್ಷಗಳ ಅರ್ಜಿಯ ಪ್ರತಿಗಳು. ಜೋಡಿಸಿ ಕೊಡಿರೆಂದರು. ನಾನು ಒಂದೊಂದೇ ತೆಗೆದು ವರ್ಷದ ಪ್ರಕಾರ ಇಡುತ್ತಾ ಹೋದೆ. ಪ್ರತಿ ಪುಟದ ಕೊನೆಯಲ್ಲಿ ಅದೇ ಮುತ್ತಿನ ಅಕ್ಷರ, ಅದೇ ಇನ್ನೊಬ್ಬರ ಹೆಸರು. ಏಳನೆಯದಕ್ಕೆ ಬರುವಷ್ಟರಲ್ಲಿ ನನ್ನ ಕೈ ನಿಂತಿತು.

“ಹುಲುಗಪ್ಪನವರೇ, ಇದರಲ್ಲಿ ನೀವೆಲ್ಲಿದ್ದೀರಿ?”

ಅವರು ಕಾಗದದ ಕಡೆ ನೋಡಲಿಲ್ಲ. “ಅಕ್ಷರ ನಂದ ಐತಲ್ರಿ,” ಎಂದರು.

ಆದೇಶಗಳಲ್ಲಿ ಮೈದಾನ ಸಹಾಯಕ. ಅರ್ಜಿಗಳಲ್ಲಿ ಹೆಸರೇ ಇಲ್ಲ. ಉಳಿದದ್ದು ಒಂದೇ ದಾರಿ. ಮಧುಸೂದನ ಸರ್ ಒಂದು ಪತ್ರ ಬರೆದುಕೊಡಬೇಕು.

ಮಾರನೆಯ ದಿನ ಅವರ ಮನೆಗೆ ಹೋದರು. ಅಲ್ಲಿ ನಡೆದದ್ದನ್ನು ಹುಲುಗಪ್ಪನವರೇ ನನಗೆ ಹೇಳಿದ್ದು. ಸರ್ ಸಂತೋಷದಿಂದ ಬರಮಾಡಿಕೊಂಡರು, ಕಾಫಿ ಕೊಡಿಸಿದರು. ಗೋಡೆಯ ಮೇಲೆ ಹಳೆಯ ವಿದ್ಯಾರ್ಥಿಗಳ ಸಂಘದವರು ಬೀಳ್ಕೊಡುಗೆಯಲ್ಲಿ ಕೊಟ್ಟ ಫಲಕ ತೂಗುಹಾಕಿದ್ದರು. ‘ಎರಡು ದಶಕ ಫುಟ್‌ಬಾಲ್ ತಂಡವನ್ನು ಕಟ್ಟಿ ಬೆಳೆಸಿದ ಗುರುಗಳಿಗೆ’ ಎಂದು ಅದರಲ್ಲಿ ಬರೆದಿತ್ತು. ಹುಲುಗಪ್ಪನವರು ಅದರ ಕೆಳಗಿನ ಕುರ್ಚಿಯಲ್ಲೇ ಕೂಡಬೇಕಾಯಿತು.

“ಬರಕೊಡ್ತೀನೋ, ನಿನಗಲ್ಲದ ಯಾರಿಗೆ ಬರಕೊಡ್ಲಿ?” ಎಂದರಂತೆ ಸರ್. ಆಮೇಲೆ ಪೆನ್ನು ತೆಗೆದು ತಾರೀಖು ಬರೆದು ನಿಲ್ಲಿಸಿದರು. “ಏನಂತ ಬರೀಲಿ ಹೇಳು. ಇಪ್ಪತ್ತೊಂದು ವರ್ಷ ನಾ ಸುಳ್ಳು ಸಹಿ ಮಾಡೀನಿ ಅಂತ ಬರೀಲೇನು, ಈ ವಯಸ್ಸಿನ್ಯಾಗ?”

“ಹಂಗ ಬ್ಯಾಡ್ರಿ ಸರ್.”

“ಮತ್ತ ಹೆಂಗ?”

ಕಡೆಗೆ ಸರ್ ಬರೆದದ್ದು ಇಷ್ಟು: ‘ಇವರು ನನ್ನ ಮಾರ್ಗದರ್ಶನದಲ್ಲಿ ಸಹಾಯಕರಾಗಿ ನಿಷ್ಠೆಯಿಂದ ಕೆಲಸ ಮಾಡಿದ್ದಾರೆ.’ ಹುಲುಗಪ್ಪನವರು ಎರಡೂ ಕೈಯಿಂದ ಅದನ್ನು ತೆಗೆದುಕೊಂಡು ನಮಸ್ಕಾರ ಮಾಡಿ ಬಂದರು. ನನಗೆ ತೋರಿಸಿದರು. ಓದಿ, ಮಡಿಸಿ ಅವರ ಕೈಗೇ ಕೊಟ್ಟೆ. ಇದು ಸಾಲದೆಂದು ಹೇಳಬೇಕಿತ್ತೋ ಏನೋ.

ಮೇ ತಿಂಗಳಲ್ಲಿ ಸಂದರ್ಶನ. ನಿರ್ದೇಶಕರ ಹುದ್ದೆಗೆ ಬಂದ ಅಭ್ಯರ್ಥಿಗಳಲ್ಲಿ ಕುರುಗೋಡಿನ ನೇತ್ರಾ ಒಬ್ಬಳು. ಎಂ.ಪಿ.ಇಡಿ ಮಾಡಿದವಳು, ಕಬಡ್ಡಿಯಲ್ಲಿ ವಿಶ್ವವಿದ್ಯಾಲಯಕ್ಕೆ ಆಡಿದವಳು. ಹೊರಗಿನ ಬೆಂಚಿನ ಮೇಲೆ ಹುಲುಗಪ್ಪನವರ ಪಕ್ಕ ಕುಳಿತಿದ್ದಳಂತೆ. ಗಾಬರಿಗೆ ಫೈಲಿನಲ್ಲಿದ್ದ ಕಬಡ್ಡಿ ಸರ್ಟಿಫಿಕೇಟುಗಳನ್ನು ಮತ್ತೆ ಮತ್ತೆ ತಿರುವುತ್ತಿದ್ದಳು. ಇವರು ತಮ್ಮ ನೀರಿನ ಬಾಟಲಿ ಕೊಟ್ಟು, “ಕುಡಿ ತಂಗಿ. ಒಳಗ ಇರೋರು ಯಾರೂ ರೇಡ್ ಮಾಡಾಕ ಬರಂಗಿಲ್ಲ,” ಎಂದರಂತೆ. ಅವಳಿಗೆ ನಗು ಬಂತು.

“ನೀವು ಯಾವ ಪೋಸ್ಟಿಗ್ರಿ ಸರ್?”

“ನಂದು ಪೋಸ್ಟಿಗಲ್ಲವ್ವ. ನಾ ಮಾಡಿದ ಕೆಲಸ ನಾನ ಮಾಡೀನೋ ಇಲ್ಲೋ ಅಂತ ಕೇಳಾಕ ಕರದಾರ.”

ನೇತ್ರಾಳ ಆಯ್ಕೆಯ ಬಗ್ಗೆ ಯಾರಿಗೂ ತಕರಾರಿರಲಿಲ್ಲ. ಹುಲುಗಪ್ಪನವರನ್ನು ಕೊನೆಗೆ ಕರೆದರು. ಒಳಗೆ ಮೇಜಿನ ಸುತ್ತ ಮಂಡಳಿಯವರು, ಅವರ ಜೊತೆ ವಿಷಯ ಬಲ್ಲವರೆಂದು ಕರೆಸಿದ್ದ ಮಧುಸೂದನ ಸರ್. ಪವಮಾನ ಅರ್ಜಿಗಳನ್ನು ತಿರುವಿ ನೋಡಿದರು, ಪತ್ರ ಓದಿದರು. ಅವರೇನೂ ಕೆಟ್ಟವರಲ್ಲ.

“ನೋಡ್ರಿ ಹುಲುಗಪ್ಪ, ಕಾಗದದಾಗ ಇಲ್ಲ. ಆದ್ರ ಹುಡುಗರು ಬ್ಯಾರೆ ಹೇಳ್ತಾರ. ನೀವು ಬಾಯಿಬಿಟ್ಟು ಹೇಳ್ರಿ, ನಾ ನಡವಳಿಯೊಳಗ ಬರಸ್ತೀನಿ. ತಂಡಕ್ಕ ತರಬೇತಿ ಕೊಟ್ಟವರು ಯಾರು?”

ಹುಲುಗಪ್ಪನವರು ಆ ಗಳಿಗೆಯನ್ನು ನನಗೆ ಎರಡು ಮೂರು ಸಲ ಹೇಳಿದ್ದಾರೆ. ಪ್ರತಿ ಸಲವೂ ಒಂದೇ ತರಹ. “ಸರ್ ಮುಖ ನೋಡಿದೆ ಅಕ್ಕಾರ. ಹೊಸದಾಗಿ ಹಲ್ಲು ಕಟ್ಟಿಸಿದ್ರು. ಬಾಯಿ ಸರಿ ಮುಚ್ಚಾಕ ಬರತಿದ್ದಿಲ್ಲ ಅವರಿಗೆ. ನನ್ನ ಕಡಿ ನೋಡಾಕತ್ತಿದ್ರು.”

ಅವರು ಹೇಳಿದ್ದು: “ಸರ್ ಇದ್ರು. ನಾ ಜೊತಿಗಿದ್ದೆ.”

ಪವಮಾನ ಇನ್ನೊಂದು ಸಲ ಕೇಳಿದರು. ಇವರು ಇನ್ನೊಂದು ಸಲ ಅದನ್ನೇ ಹೇಳಿದರು. ಮಧುಸೂದನ ಸರ್ ಮೇಜಿನ ಮೇಲಿನ ಗಾಜಿನ ಲೋಟವನ್ನು ಸ್ವಲ್ಪ ಆಚೆ ಸರಿಸಿದರು. ಸಂದರ್ಶನ ಮುಗಿಯಿತು.

ಸುದ್ದಿ ಕೇಳಿ ಸಂಜೆ ತಂಡದ ಹುಡುಗರು ಬಂದರು. ಮೋಕಾದ ರಾಮಾಂಜಿನಿ ತಂಡದ ನಾಯಕ. ದಿನಾ ಮೊದಲ ಬಸ್ಸಿಗೆ ಬಳ್ಳಾರಿಗೆ ಬಂದು ಆಡುತ್ತಿದ್ದವನು. ನಮ್ಮ ಗೋಡೆಯ ಆಚೆಯೇ ಮಾತು ನಡೆದದ್ದರಿಂದ ನನಗೆ ಎಲ್ಲ ಕೇಳಿಸಿತು.

“ಏನ್ರಿ ಸರ್, ಚೆಂಡು ಮುಖಕ್ಕ ಬಂದ್ರೂ ಕಣ್ಣು ಮುಚ್ಚಬ್ಯಾಡ್ರಲೇ ಅಂತ ನಮಗ ಹೇಳ್ತಿದ್ರಿ. ನೀವ ಮುಚ್ಚಿದ್ರಲ್ರಿ!”

“ಸುಮ್ನಿರಲೇ ರಾಮಾಂಜಿ,” ಎಂದ ಇನ್ನೊಬ್ಬ.

“ಯಾಕ ಸುಮ್ನಿರಲಿ? ಅವರು ಅವರ ಸರ್‌ನ ಉಳಿಸಿದ್ರು. ನಮ್ಮ ಸರ್‌ನ ಯಾರು ಉಳಸ್ತಾರ?”

ಬೆಳಿಗ್ಗೆ ಗೋಡೆ ದಾಟಿ ಬರುತ್ತಿದ್ದ ದನಿ, ಅವತ್ತು ನಾನು ಗೋಡೆಗೆ ಹತ್ತಿರ ಹೋಗಿ ನಿಂತರೂ ಕೇಳಲಿಲ್ಲ.

ಎರಡು ದಿನದಲ್ಲಿ ಕೋಣೆ ಖಾಲಿ ಮಾಡಿದರು. ಒಂದು ಟ್ರಂಕು, ಒಂದು ಹಾಸಿಗೆ. ಹೇಳಿ ಹೋಗಲು ಬಂದಾಗ ಊಟ ಮಾಡಿ ಹೋಗಿರೆಂದೆ. “ಬ್ಯಾಡ್ರಿ, ಆಕಿ ಮಾಡಿಟ್ಟಿರತಾಳ” ಎಂದರು. ಗೇಟು ದಾಟಿ, ಮತ್ತೆ ತಿರುಗಿ ಬಂದು, “ಅಕ್ಕಾರ, ನಾ ತಪ್ಪು ಮಾಡಿದೆನೇನ್ರಿ?” ಎಂದು ಕೇಳಿದರು. ದೇವರು ನನಗೆ ಕೇಳಿಸಿಕೊಳ್ಳುವ ಕಿವಿ ಕೊಟ್ಟಿದ್ದಾನೆ, ಇಂಥ ಹೊತ್ತಿಗೆ ಬೇಕಾದ ಮಾತನ್ನು ಕೊಟ್ಟಿಲ್ಲ. ಅವರು ಟ್ರಂಕು ಹೆಗಲಿಗೇರಿಸಿ ಹೋದರು.

ಜೂನ್‌ನಲ್ಲಿ ನೇತ್ರಾ ಕೆಲಸಕ್ಕೆ ಬಂದಳು. ಕುರುಗೋಡಿನಿಂದ ದಿನಾ ಬಸ್ಸಿನಲ್ಲಿ ಓಡಾಟ. ಮೊದಲ ವಾರವೇ ನಮ್ಮ ಮನೆಗೆ ಬಂದು ನಲ್ಲಿಯ ನೀರಿಗೆ ಅನುಮತಿ ಕೇಳಿದಳು. ಮಾತು ಹುಲುಗಪ್ಪನವರ ಕಡೆ ಹೊರಳಿತು.

“ಹುಡುಗ್ರು ಎಲ್ಲಾದಕ್ಕೂ ‘ಹುಲುಗಪ್ಪ ಸರ್ ಹಿಂಗ ಹೇಳ್ತಿದ್ರು’ ಅಂತಾರ್ರಿ ಆಂಟಿ. ನಂಗ ಫುಟ್‌ಬಾಲ್ ಅಷ್ಟಕ್ಕಷ್ಟ. ಅವರಿಲ್ದ ಆಗಂಗಿಲ್ಲ ಅಂತ ಸೆಕ್ರೆಟರಿ ಸರ್‌ಗೆ ಹೇಳೀನಿ. ಜುಲೈ ಮೊದಲ ಸೋಮವಾರ ಮೀಟಿಂಗ್ ಐತಿ. ಮಧುಸೂದನ ಸರ್ ಬರದುಕೊಟ್ರ, ಇಲ್ಲಾ ಹುಲುಗಪ್ಪ ಸರ್ ತಾವ ಬಂದು ಹೇಳಿದ್ರ, ನೋಡೂಣು ಅಂದಾರ. ಇಲ್ಲಾಂದ್ರ ಫುಟ್‌ಬಾಲ್‌ನ ಆಟದ ಲಿಸ್ಟಿನಿಂದ ತಗಿತಾರ.”

ಅವಳೇ ಸಿರುಗುಪ್ಪಕ್ಕೆ ಫೋನು ಮಾಡಿದ್ದಳು. “ಆಯ್ತವ್ವ” ಎಂದಿದ್ದರಂತೆ. ಬರುತ್ತೇನೆ ಎಂದಿರಲಿಲ್ಲ.

ಸಭೆಯ ಹಿಂದಿನ ವಾರ ಮೈದಾನದಲ್ಲಿ ವಾಕಿಂಗಿಗೆ ಬಂದಿದ್ದ ಮಧುಸೂದನ ಸರ್ ಗೋಡೆಯ ಬಳಿ ನಿಂತು ನನ್ನನ್ನು ಕರೆದರು. ಕೊರಳಲ್ಲಿ ಮಫ್ಲರು, ಆ ಸೆಕೆಯಲ್ಲಿ ಯಾಕೋ.

“ಹುಲುಗಪ್ಪ ಫೋನ್ ಮಾಡ್ತಾನೇನ್ರೀ ನಿಮಗ?”

“ಇಲ್ಲ ಸರ್.”

“ನನಗೂ ಮಾಡಿಲ್ಲ.” ಖಾಲಿ ಮೈದಾನದ ಕಡೆ ತಿರುಗಿ ನಿಂತರು. “ಅವತ್ತು ಅವ ಒಂದು ಮಾತು ‘ನಾನ’ ಅಂದಿದ್ರ, ನಾ ಹೌದು ಅಂತಿದ್ದೆ. ನಾನಾಗಿ ಅನ್ನಾಕ ಬಾಯಿ ಬರಲಿಲ್ಲ. ಅವ ಅಂದಿದ್ರ ಅಲ್ಲ ಅಂತಿದ್ದಿಲ್ಲ. ಖರೇನ ಹೇಳ್ತೀನಿ.”

ನಿಜವಿರಬಹುದು. ಇಲ್ಲದೆಯೂ ಇರಬಹುದು. ಆದರೆ ಆ ಮಾತು ನನ್ನಲ್ಲೇ ಉಳಿಯಬಾರದು ಎನಿಸಿತು. ಭಾನುವಾರ ಕೆಂಚನಗುಡ್ಡಕ್ಕೆ ಹೋಗಿ ತುಂಗಭದ್ರೆಯಲ್ಲಿ ಸ್ನಾನ ಮಾಡಿ ಬರುವ ಹರಕೆ ಹೇಗೂ ಬಾಕಿಯಿತ್ತು. ಹೊಳೆಯಿಂದ ಹಿಂತಿರುಗುತ್ತ ಸಿರುಗುಪ್ಪದಲ್ಲಿ ಇಳಿದು ಅವರ ಮನೆ ಕೇಳಿಕೊಂಡು ಹೋದೆ.

ಎರಡು ಕೋಣೆಯ ಮನೆ. ಸುಂಕಲಮ್ಮನನ್ನು ಅವತ್ತೇ ಮೊದಲು ನೋಡಿದ್ದು. ಸಣ್ಣ ಮೈ, ಗಿರಣಿಯ ದೂಳಿಗೆ ಸದಾ ಕಿರಿದಾಗಿಸಿಕೊಂಡ ಕಣ್ಣು. ಮನೆಯಲ್ಲಿ ಎಲ್ಲವೂ ಒಬ್ಬರಿಗೆ ಎಟಕುವ ಹಾಗೆ ಇತ್ತು. ಹುಲುಗಪ್ಪನವರು ಬಾಗಿಲಲ್ಲಿ ತಲೆ ಬಗ್ಗಿಸಿ ಬಂದು, ಎಲ್ಲಿ ಕೂಡಬೇಕೆಂದು ಒಂದು ಗಳಿಗೆ ನೋಡಿ, ಟ್ರಂಕಿನ ಮೇಲೆ ಕುಳಿತರು. ಅದನ್ನಿನ್ನೂ ತೆರೆದಂತೆ ಕಾಣಲಿಲ್ಲ.

“ಐದಕ್ಕ ಏಳತಾನ್ರಿ ಅಕ್ಕಾರ,” ಎಂದಳು ಸುಂಕಲಮ್ಮ. “ಎದ್ದು ಬಾಗಲದಾಗ ನಿಂದ್ರತಾನ. ಏನು ನೋಡ್ತಿ ಅಂದ್ರ ಏನಿಲ್ಲ ಅಂತಾನ. ಓಣಿ ನಾಯಿಗಳಿಗೆ ದಿನಾ ಅಟೆಂಡೆನ್ಸ್ ತಗೋತಾನ.”

ನಾನು ಮಧುಸೂದನ ಸರ್ ಹೇಳಿದ್ದನ್ನು ಹೇಳಿದೆ. ಒಂದು ಮಾತು ಕೂಡಿಸದೆ, ಕಳೆಯದೆ ಹೇಳಿದೆ. ಹುಲುಗಪ್ಪನವರು ನೆಲ ನೋಡುತ್ತಾ ಕೇಳಿದರು.

“ಸರ್ ಹಂಗ ಅಂದ್ರೇನ್ರಿ?”

“ಹೌದು.”

“ಅಷ್ಟು ಅಂದ್ರಲ್ರಿ, ಸಾಕ್ರಿ,” ಎಂದರು. ಮುಖದಲ್ಲಿ ಒಂದು ಕ್ಷಣ ಬೆಳಕು ಬಂತು. ನನಗೆ ಅದೇ ಹೆದರಿಕೆ ತಂದಿತು. ಅಷ್ಟಕ್ಕೇ ಅವರು ತೃಪ್ತರಾಗಿಬಿಡುತ್ತಾರೇನೋ ಎನಿಸಿತು.

ಸುಂಕಲಮ್ಮ ಕೈಯಲ್ಲಿದ್ದ ಮೊರ ಕೆಳಗಿಟ್ಟಳು. “ಏನು ಸಾಕು? ಇಬ್ಬರೂ ಬಾಯಿ ಹೊಲಕೊಂಡು ಕುಂತ್ರಿ. ನೀ ಅವರ ಮುಖ ನೋಡಿದಿ, ಅವರು ನಿನ್ನ ಮುಖ ನೋಡಿದ್ರು. ನನ್ನ ಮುಖ ಯಾರು ನೋಡಿದ್ರು? ಕಾಯಂ ಆಗ್ಲಿ, ಕಾಯಂ ಆಗ್ಲಿ ಅಂತ ಇಪ್ಪತ್ತೊಂದು ವರ್ಷ ಒಬ್ಬಾಕಿ ಉಂಡೀನಿ ನಾನು.”

ಅವರು ಟ್ರಂಕಿನ ಚಿಲಕ ಮುಟ್ಟುತ್ತ ಕುಳಿತರು.

“ನಾಳೆ ಹೋಗು. ಹೋಗಿ, ನಾನ ಕಲಿಸೀನಿ ಅಂತ ಒಂದು ಮಾತು ಅಂದು ಬಾ. ಕೊಟ್ರ ಕೊಡ್ಲಿ, ಬಿಟ್ರ ಬಿಡ್ಲಿ. ನಿನ್ನ ಬಾಯಿಲೆ ಒಂದ್ಸಲ ಅದನ್ನ ಕೇಳಬೇಕು.”

“ಹೋಗ್ತೀನಿ,” ಎಂದರು ಹುಲುಗಪ್ಪ. ನನ್ನ ಕಡೆ ತಿರುಗಿ, “ನಾಳಿ ಮುಂಜಾನಿ ಬರ್ತೀನ್ರಿ ಅಕ್ಕಾರ,” ಎಂದರು.

ಅವಳು ಆಗಲೇ ಎದ್ದು ಅವರ ಬಿಳಿ ಅಂಗಿ ಹುಡುಕುತ್ತಿದ್ದಳು. ಟ್ರಂಕು ತೆಗೆಯಲು ಅವರನ್ನು ಎಬ್ಬಿಸಬೇಕಾಯಿತು.

ಸೋಮವಾರ ಹನ್ನೊಂದಕ್ಕೆ ಸಭೆ. ನಡೆದದ್ದನ್ನು ನೇತ್ರಾ ಆಮೇಲೆ ಬಂದು ಹೇಳಿದಳು. ಅವಳು ಫುಟ್‌ಬಾಲಿನ ವಿಷಯವನ್ನು ಕೊನೆಗೆ ತಳ್ಳುತ್ತಾ ಹೋದಳಂತೆ. ಮಧುಸೂದನ ಸರ್ ಕರೆಯದಿದ್ದರೂ ಬಂದು ವರಾಂಡದ ಬೆಂಚಿನ ಮೇಲೆ ಕುಳಿತಿದ್ದರು. ಪ್ರತಿ ಸಲ ಗೇಟಿನ ಸದ್ದಾದಾಗ ತಲೆಯೆತ್ತಿ ನೋಡುತ್ತಿದ್ದರು. ಪವಮಾನ ಹೊರಗೆ ಬಂದು, “ಸರ್, ನೀವ ಏನರ ಹೇಳೋದೈತೇನು?” ಎಂದು ಕೇಳಿದರು.

“ಅವ ಬರ್ಲಿ,” ಎಂದರು ಸರ್.

ಒಂದು ಗಂಟೆಯವರೆಗೆ ಕಾದರು. ಹುಲುಗಪ್ಪನವರ ಫೋನು ಸ್ವಿಚ್ ಆಫ್ ಆಗಿತ್ತು. ಒಂದೂಕಾಲಿಗೆ ಕಾಲೇಜಿನ ಆಟಗಳ ಪಟ್ಟಿಯಿಂದ ಫುಟ್‌ಬಾಲನ್ನು ತೆಗೆದರು. ಮಧುಸೂದನ ಸರ್ ಮೈದಾನದ ಅಂಚಿನಿಂದ ನಡೆದುಕೊಂಡು ಮನೆಗೆ ಹೋದರಂತೆ. ಹೇಳುತ್ತಾ ಹೇಳುತ್ತಾ ನೇತ್ರಾ ಅತ್ತಳು. ಕೆಲಸಕ್ಕೆ ಸೇರಿ ಇನ್ನೂ ಒಂದು ತಿಂಗಳಾಗಿರಲಿಲ್ಲ, ಪಾಪ.

ಸಂಜೆ ಆರರ ಸುಮಾರಿಗೆ ನನಗೆ ಫೋನು ಬಂತು.

“ಅಕ್ಕಾರ, ನಾನ್ರೀ, ಸುಂಕಲಮ್ಮ. ಆತ ಬಳ್ಳಾರಿಗೆ ಬರಲಿಲ್ರಿ.”

“ಗೊತ್ತಾಯ್ತಮ್ಮ. ಎಲ್ಲಿದ್ದಾರೆ?”

“ಇಲ್ಲೇ ಬಸ್‌ಸ್ಟ್ಯಾಂಡಿನ್ಯಾಗ ಕುಂತಿದ್ದನ್ರಿ. ಮುಂಜಾನಿ ಏಳಕ್ಕ ಬಿಳಿ ಅಂಗಿ ಹಾಕ್ಕೊಂಡು ಹೋದಾವ. ನಾ ಗಿರಣಿಯಿಂದ ಬರ್ತಾ ನೋಡಿದ್ರ ಅಲ್ಲೇ ಅದಾನ, ಕಲ್ಲಿನಂಗ. ಒಂದರ ಹಿಂದ ಒಂದು ಬಸ್ ಹೋದ್ವಂತ. ಪ್ರತಿ ಬಸ್ಸಿಗೂ ಎದ್ದು ನಿಂತನಂತ. ಚಾದಂಗಡಿಯಾವ ಹೇಳಿದ.”

“ಏನಂದರು?”

“ಏನಂತಾನ್ರಿ? ಹತ್ತಿದ್ರ ಹೇಳಬೇಕಾಗತೈತಿ ಅಂದ.” ಫೋನಿನಾಚೆ ಪಾತ್ರೆಯ ಸದ್ದಾಯಿತು. “ಬಯ್ಯಾಕ ಅಂತ ಬಾಯಿ ತಗದೆ. ಆಗಲಿಲ್ಲ. ಕೈ ಹಿಡದು ಎಬ್ಬಿಸಿ ಕರಕೊಂಡು ಬಂದೆ. ಮಂದಿ ನೋಡಾಕತ್ತಿದ್ರು. ನೋಡ್ಲಿ ಬಿಡ್ರಿ.”

“ಈಗ ಏನು ಮಾಡ್ತಿದ್ದಾರಮ್ಮ?”

“ಉಣ್ಣಾಕ ಕುಂದ್ರಿಸೀನಿ,” ಎಂದಳು. ಆಮೇಲೆ ಫೋನನ್ನು ಬಾಯಿಂದ ದೂರ ಹಿಡಿದು, “ಇನ್ನೊಂದೀಟು ಅನ್ನ ಹಾಕ್ಲೇನು?” ಎಂದು ಕೇಳಿದಳು. ಅವರು ಏನೆಂದರೋ ನನಗೆ ಕೇಳಿಸಲಿಲ್ಲ.